ಮೊಳದಲ್ಲಿ ಅಳೆದ ನಗು

ನನ್ನ ತಂಗಿ ಹೇಳುತ್ತಿರುವುದು ನಿಜ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಬಿಟ್ಟು ಕೇಳಿದಾಗಲೂ ಹೇಳಲಿಲ್ಲ. ಆ ಸಂಜೆ ಇಡೀ ಟೆಂಟಿನಲ್ಲಿ ಸಾಕ್ಷಿ ಕೇಳಿದ್ದು ನನ್ನೊಬ್ಬನನ್ನೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆದು ರೂಢಿಯಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಒಂದು ಕಡೆ ಇಡದಿದ್ದರೆ ನನಗೆ ಬಿಡುಗಡೆಯಿಲ್ಲ. ಇಟ್ಟರೂ ಇಲ್ಲ ಎಂಬುದು ಈಗ ಗೊತ್ತಾಗಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ರೈಲು ನಿಲ್ದಾಣದಿಂದ ಊರೊಳಗೆ ಬರುವ ದಾರಿಯಲ್ಲಿ, ಕೊಯ್ಲಾದ ಒಂದು ಹೊಲದಲ್ಲಿ ಟೆಂಟು. ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವ ತನಕ ದೀಪ ಹಾಕುತ್ತಿದ್ದೆವು, ಕಡಲೇಕಾಯಿಯವರು ನುಗ್ಗುತ್ತಿದ್ದರು. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಕಡೂರಿನ ಕಾಲೇಜಿಗೆ ಹೋಗಿ, ಸಂಜೆ ಬಂದವಳೇ ಪುಸ್ತಕ ಎಸೆದು ನನ್ನ ಕ್ಯಾಬಿನ್ನಿಗೆ ಬರುತ್ತಿದ್ದಳು. ಪ್ರೊಜೆಕ್ಟರಿನ ಕಿಂಡಿಯ ಪಕ್ಕದಲ್ಲೇ ಆಪರೇಟರ್ ಇಣುಕಲು ಇನ್ನೊಂದು ಕಿಂಡಿ ಇರುತ್ತದೆ. ಅದು ಅವಳದಾಗಿಬಿಟ್ಟಿತ್ತು. ನಾನು ಉರಿದು ಬೆಳಕು ಕೊಡುವ ಕಾರ್ಬನ್ ಕಡ್ಡಿಗಳನ್ನು ನೋಡಿಕೊಳ್ಳಬೇಕು, ಅವಳು ಪರದೆಯನ್ನು. ಚಿತ್ರ ಮಸುಕಾದರೆ ಪಕ್ಕೆಗೆ ತಿವಿಯುತ್ತಿದ್ದಳು. "ಏನಪ್ಪಾ ಆಪರೇಟ್ರೇ, ಕೆಲ್ಸ ಮಾಡೋದು ಅವಳು, ಸಂಬಳ ನಿಂಗಾ?" ಎಂದು ಗೇಟಿನವನು ಚುಡಾಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ.

ಆ ವರ್ಷ ಬಂದದ್ದೊಂದು ನಗೆ ಚಿತ್ರ. ಅಕ್ಕಪಕ್ಕದ ಮನೆಯ ಹುಡುಗ ಹುಡುಗಿಯ ಪ್ರೀತಿಯ ಕತೆ. ಬೆಂಗಳೂರಿನಲ್ಲಿ ಓಡದೆ ಹಳ್ಳಿಗಳ ಕಡೆ ತಿರುಗುತ್ತಿತ್ತು. ಕತೆ ಎಂಥದ್ದೇ ಇರಲಿ, ಮೊದಲ ನಾಲ್ಕು ನಿಮಿಷ ಮಾತ್ರ ತಂಗಿಗೆ ಹುಚ್ಚು ಹಿಡಿಸಿತ್ತು.

ಹೆಸರುಗಳು ಮುಗಿದ ಕೂಡಲೇ ಒಂದು ಗೋಡೆ. ಗೋಡೆಯ ಈ ಕಡೆ ಹುಡುಗ ಕನ್ನಡಿ ತೂಗುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದಾನೆ. ಆ ಕಡೆ ಹುಡುಗಿ ಕ್ಯಾಲೆಂಡರ್ ಹಾಕಲು ಮೊಳೆ ಹೊಡೆಯುತ್ತಿದ್ದಾಳೆ. ಅವಳ ಕಡೆ ಸುತ್ತಿಗೆ ಬಿದ್ದರೆ ಅವನ ಕಡೆ ಕನ್ನಡಿ ಅಲುಗುತ್ತದೆ. ಒಮ್ಮೆ ಅವಳು, ಒಮ್ಮೆ ಅವನು. ಇಬ್ಬರನ್ನೂ ಒಟ್ಟಿಗೆ ತೋರಿಸುವುದಿಲ್ಲ. ಮೂರನೇ ಏಟಿಗೆ ಬ್ಲೇಡು ಗಲ್ಲಕ್ಕೆ ತಗಲುತ್ತದೆ. ಆಮೇಲೆ ಕ್ಯಾಮೆರಾ ನಿಧಾನವಾಗಿ ಮೇಲೆದ್ದು, ಗೋಡೆಯ ನೆತ್ತಿಗೆ ಹೋಗಿ, ಎರಡೂ ಕೋಣೆಗಳನ್ನು ಒಂದೇ ಸಲ ತೋರಿಸುತ್ತದೆ. ಅವನು ರಕ್ತ ಒರೆಸಿಕೊಳ್ಳುತ್ತಿದ್ದಾನೆ, ಅವಳು ಸೊಟ್ಟಗಿರುವ ಕ್ಯಾಲೆಂಡರನ್ನು ಹಿಂದೆ ಸರಿದು ನೋಡಿ ಖುಷಿಪಡುತ್ತಿದ್ದಾಳೆ.

ನಾನು ಅದನ್ನು ನೋಡಿ ನಕ್ಕು ಸುಮ್ಮನಾಗಿದ್ದೆ. ಎರಡನೇ ದಿನ ತಂಗಿ, "ಅಣ್ಣ, ಪರದೆ ನೋಡ್ಬೇಡ, ಜನಗಳ ಬೆನ್ನು ನೋಡು" ಎಂದಳು. ನೋಡಿದೆ. ಮೂರನೇ ಏಟಿಗೆ ನೆಲದಲ್ಲಿ ಕೂತವರ ಬೆನ್ನುಗಳು ಒಟ್ಟಿಗೆ ಕುಣಿದವು. ಬ್ಲೇಡು ಇನ್ನೂ ತಗಲಿರಲಿಲ್ಲ.

"ಯಾಕೆ ಹೇಳು? ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಿರೋದು ನಮಗೆ ಮಾತ್ರ. ಅದಕ್ಕೇ ಮುಂಚೆನೇ ನಗು ಬತ್ತದೆ."

ಮೂರನೇ ದಿನ ಮಧ್ಯಾಹ್ನ, ರೀಲು ಸುತ್ತುವ ಮೇಜಿನ ಮೇಲೆ ಸುತ್ತಿಗೆ ಏಟುಗಳಿರುವಷ್ಟು ಭಾಗವನ್ನು ಬಿಚ್ಚಿಸಿದಳು. ಮೊಳಕೈಯಿಂದ ಬೆರಳ ತುದಿಯವರೆಗಿನ ಫಿಲ್ಮು ಯಂತ್ರದಲ್ಲಿ ಓಡಲು ಸರಿಯಾಗಿ ಒಂದು ಸೆಕೆಂಡು ಬೇಕು. ಅದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಹೂವಿನವಳು ಮಲ್ಲಿಗೆ ಅಳೆಯುವ ಹಾಗೆ ನಾನು ಅಳೆಯುತ್ತ ಹೋದೆ, ಅವಳು ಬರೆದುಕೊಂಡಳು. ಮೊದಲ ಏಟು ಆರು ಮೊಳ, ಕನ್ನಡಿ ಐದು. ಎರಡನೇ ಏಟು ನಾಲ್ಕು, ಕನ್ನಡಿ ಮೂರು. ಮೂರನೇ ಏಟು ಒಂದೇ ಮೊಳ, ಬ್ಲೇಡು ಅರ್ಧ ಮೊಳ. ಆಮೇಲೆ ಮೇಲಿನಿಂದ ತೋರಿಸುವುದು ಮಾತ್ರ ಎಲ್ಲೂ ತುಂಡಾಗದೆ ಹದಿನೈದು ಮೊಳ.

"ನೋಡಿದ್ಯಾ, ಓಡಿಸ್ಕಂಡ್ ಓಡಿಸ್ಕಂಡ್ ಬಂದು ಇಲ್ಲಿ ಕೂರಿಸ್ತಾನೆ. ನಗಕ್ಕೂ ಪುರುಸೊತ್ತು ಬೇಕಲ್ಲ" ಎಂದಳು. ಹತ್ತು ವರ್ಷ ಫಿಲ್ಮು ಮುಟ್ಟಿದ ನನ್ನ ಕೈಗೆ ಅದು ಹೊಳೆದಿರಲಿಲ್ಲ.

ನಾಲ್ಕನೇ ದಿನದಿಂದ ಅದೇ ಪ್ರಿಂಟನ್ನು ತರೀಕೆರೆಯ ಟೆಂಟಿಗೂ ಕೊಡಲು ನಮ್ಮ ಮ್ಯಾನೇಜರ್ ಒಪ್ಪಿಕೊಂಡರು. ನಮ್ಮಲ್ಲಿ ಮೊದಲ ಆಟ, ಅಲ್ಲಿ ಎರಡನೆಯದು. ಡಬ್ಬಿಗಳು ತರೀಕೆರೆಯ ಕೊನೆಯ ಬಸ್ಸು ಹತ್ತಬೇಕು, ಕತ್ತಲಾಗುವ ಮುಂಚೆ ಟೆಂಟಿನಲ್ಲಿ ಆಟ ಶುರುಮಾಡುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ, ಸಿನಿಮಾವನ್ನೇ ಗಿಡ್ಡ ಮಾಡುವುದು. ಹಾಡು ಕತ್ತರಿಸಿದರೆ ಜನ ಗಲಾಟೆ ಮಾಡುತ್ತಾರೆ, ಹೊಡೆದಾಟ ಕತ್ತರಿಸಿದರೆ ಕುರ್ಚಿ ಮುರಿಯುತ್ತಾರೆ. ಶುರುವಿನಲ್ಲಿ ಜನ ಇನ್ನೂ ಜಾಗ ಹುಡುಕುತ್ತಿರುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಹೀಗೆ ಎಲ್ಲ ಟೆಂಟಿನವರೂ ಮಾಡುತ್ತಿದ್ದರು, ಹಂಚಿಕೆದಾರರಿಗೆ ಗೊತ್ತಾಗದ ಹಾಗೆ. ನಾನು ಗೋಡೆಯ ಆ ನಾಲ್ಕು ನಿಮಿಷವನ್ನು ಪೂರ್ತಿ ಕತ್ತರಿಸಿ, ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಪ್ರಿಂಟು ವಾಪಸು ಹೋಗುವ ದಿನ ಮತ್ತೆ ಅಂಟಿಸಿದರಾಯಿತು.

ಆ ಹೊತ್ತಿಗೆ ತಂಗಿಯ ಕಾಲೇಜಿನಲ್ಲಿ ಒಂದು ಮಾತು ನಡೆದಿತ್ತು. ಅಲ್ಲಿನ ಕನ್ನಡ ಮೇಷ್ಟ್ರಿಗೆ ಸಿನಿಮಾ ಗೀಳು. ಬೆಂಗಳೂರಿನಲ್ಲಿ ಫಿಲ್ಮು ಜೋಡಿಸುವ ಕೆಲಸ ಕಲಿಸುವ ಕಡೆ ಅವರಿಗೆ ಗುರುತಿತ್ತು. ಇವಳು ಗೋಡೆ, ಸುತ್ತಿಗೆ, ಮೊಳದ ಲೆಕ್ಕ ಎಲ್ಲ ಹೇಳಿದ್ದನ್ನು ಕೇಳಿ ಅವರಿಗೆ ಆಶ್ಚರ್ಯ. ತಾವೇ ಅಜ್ಜಂಪುರಕ್ಕೆ ಬಂದು ಅದನ್ನು ಇವಳ ಜೊತೆ ನೋಡುತ್ತೇನೆ, ಹೇಳಿದ ಹಾಗೇ ಇದ್ದರೆ ಸೇರಿಸಿಕೊಳ್ಳಿ ಎಂದು ಅಲ್ಲಿಗೆ ಕಾಗದ ಬರೆದುಕೊಡುತ್ತೇನೆ ಎಂದಿದ್ದರು. ಮನೆಯಲ್ಲಿ ಅವ್ವ ಒಂದೇ ಮಾತು ಹೇಳಿದ್ದಳು: ಮೇಷ್ಟ್ರು ಕಾಗದ ಕೊಟ್ಟರೆ ಹೋಗು, ಇಲ್ಲವಾದರೆ ಕಡೂರಿನಿಂದ ಬಂದಿರುವ ಗಂಡಿಗೆ ಹೂಂ ಅನ್ನು. ಅಪ್ಪ ತೀರಿಕೊಂಡ ಮನೆಯಲ್ಲಿ ಇನ್ನೊಂದು ಮಾತಿಗೆ ಜಾಗವಿರಲಿಲ್ಲ.

"ಒಂದಿನದ ಮಟ್ಟಿಗೆ ಆ ತುಂಡು ಸೇರ್ಸು ಅಣ್ಣ" ಎಂದು ಕೇಳಿದಳು. ಆಗಲಿ ಎಂದೆ.

ಮೇಷ್ಟ್ರು ಬರುವ ದಿನ ಮಧ್ಯಾಹ್ನ ಉಣ್ಣಲು ಕೂತಿದ್ದೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಳು. ನನ್ನ ತಟ್ಟೆಗೆ ಮುದ್ದೆ ಹಾಕುತ್ತ ಅವ್ವ ಅವಳಿಗೆ ಹೇಳಿದಳು, ಅಂತೂ ನನ್ನ ಹೊಟ್ಟೆಯಲ್ಲಿ ಒಂದಕ್ಕಾದರೂ ತಲೆ ಇಟ್ಟು ಕಳಿಸಿದ ದೇವರು ಎಂದು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಶಾಲೆ ಬಿಟ್ಟದ್ದು ತಂಗಿ ಓದಲಿ ಎಂದು. ಅದನ್ನು ಯಾರೂ ನೆನೆಯಲಿಲ್ಲ ಅನ್ನಿಸಿತು. ಕೈತೊಳೆದು ಟೆಂಟಿಗೆ ಹೋದೆ. ಬಿಸ್ಕತ್ತಿನ ಡಬ್ಬಿ ತೆರೆದೆ. ಅಂಟು ಇತ್ತು, ಬ್ಲೇಡು ಇತ್ತು, ಹೊತ್ತೂ ಇತ್ತು. ಅರ್ಧ ಗಂಟೆಯ ಕೆಲಸ. ಬಾಯಲ್ಲೇ ಹೇಳಿಕೊಳ್ಳಲಿ, ಅಷ್ಟು ಜಾಣೆಯಲ್ಲವೇ ಎಂದುಕೊಂಡು ಮುಚ್ಚಳ ಮುಚ್ಚಿ ಚಾಪೆಯ ಮೇಲೆ ಮಲಗಿದೆ.

ಸಂಜೆ ಮೇಷ್ಟ್ರು ಬಂದರು. ಹೇಳದೆ ಕೇಳದೆ ಹಂಚಿಕೆದಾರರ ಕಡೆಯವರೂ ಒಬ್ಬರು ಬಂದಿಳಿದರು. ಅವರ ಕೆಲಸ ಗೇಟಿನಲ್ಲಿ ಎಷ್ಟು ಜನ ಒಳಗೆ ಹೋದರು ಎಂದು ನೋಡುವುದು. ಪರದೆಯ ಕಡೆ ತಿರುಗುವವರಲ್ಲ. ಹೆಸರುಗಳು ಮುಗಿದವು. ಗೋಡೆ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಲ್ಲಕ್ಕೆ ಪಟ್ಟಿ ಹಾಕಿಕೊಂಡ ಹುಡುಗ ನಿಂತಿದ್ದ. ಕುರ್ಚಿಗಳ ಸಾಲಿನಲ್ಲಿ ಮೇಷ್ಟ್ರ ಪಕ್ಕ ಕೂತಿದ್ದ ನನ್ನ ತಂಗಿ ಒಮ್ಮೆ ತಿರುಗಿ ಕಿಂಡಿಯ ಕಡೆ ನೋಡಿದಳು.

ಮೊದಲ ರೀಲು ಮುಗಿದು ದೀಪ ಹತ್ತಿದಾಗ ಇಬ್ಬರೂ ಕ್ಯಾಬಿನ್ನಿನ ಹತ್ತಿರ ಬಂದರು. ಹತ್ತು ಹೆಜ್ಜೆ ದೂರದಲ್ಲಿ ಮ್ಯಾನೇಜರ್ ಆ ಹಂಚಿಕೆಯವರಿಗೆ ಟೀ ಕುಡಿಸುತ್ತಿದ್ದರು.

"ನೀನು ಹೇಳಿದ ಗೋಡೆ ಎಲ್ಲಮ್ಮ?" ಎಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇದೆ ಸಾರ್. ಅವನ ಗಲ್ಲದ ಮೇಲೆ ಪಟ್ಟಿ ನೋಡಿದ್ರಲ್ಲ, ಅದು ಅಲ್ಲಿ ಆಗಿದ್ದೇ."

"ಪಟ್ಟಿ ನೋಡಿ ನೀನೇ ಅದನ್ನೆಲ್ಲ ಕಟ್ಟಿಕೊಂಡಿದ್ದೀಯ. ಚೆನ್ನಾಗೇ ಕಟ್ಟಿದ್ದೀಯ. ಆದರೆ ಬೆಂಗಳೂರಲ್ಲಿ ಕೇಳೋದು ಕಣ್ಣಿಗೆ ಕಂಡದ್ದನ್ನು."

ಅವಳು ಮತ್ತೊಮ್ಮೆ ಇದೆ ಎಂದಳು. ಮೇಷ್ಟ್ರು ನನ್ನ ಕಡೆ ತಿರುಗಿ, "ಏನಪ್ಪಾ, ಶುರುನಲ್ಲಿ ಇನ್ನೇನಾದರೂ ಇತ್ತಾ?" ಎಂದು ಕೇಳಿದರು. ಹಂಚಿಕೆಯವರು ಟೀ ಲೋಟ ಹಿಡಿದು ನಮ್ಮ ಕಡೆ ನೋಡುತ್ತಿದ್ದರು. ಮ್ಯಾನೇಜರ್ ನೆಲ ನೋಡುತ್ತಿದ್ದರು.

"ಬಂದಿರೋದೇ ಇಷ್ಟು ಸಾರ್" ಎಂದೆ.

ಅವಳು ಮೊದಲ ಮೂರು ದಿನ ನೋಡಿದ ಜನರನ್ನು ಕರೆಯಬಹುದಿತ್ತು. ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿ ತೋರಿಸಬಹುದಿತ್ತು. ಅವಳಿಗೆ ಮೂರು ಅಡಿ ದೂರದಲ್ಲಿತ್ತು ಅದು. ಟೀ ಲೋಟದವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ನಂಗೇ ತಪ್ಪಿರಬೇಕು ಸಾರ್" ಎಂದಳು. ಆ ಕ್ಷಣದಲ್ಲಿ ನನ್ನ ಎದೆಯೊಳಗೆ ಒಂದು ಸಣ್ಣ ಹಿತ ಹಾದುಹೋಯಿತು. ಇದನ್ನು ಬರೆಯಬಾರದು ಎಂದಿದ್ದೆ, ಬರೆದಿದ್ದೇನೆ. ತಿರುಗಿ ಎರಡನೇ ರೀಲು ಏರಿಸಿದೆ.

ಮೇಷ್ಟ್ರು ಆಟ ಮುಗಿಯುವವರೆಗೆ ಕೂರಲಿಲ್ಲ. ಕಾಗದ ಬರಲಿಲ್ಲ. ಮಾರನೆಯ ಬೆಳಿಗ್ಗೆ ತಂಗಿ ಟೆಂಟಿಗೆ ಬಂದಳು. ಬೈಯುತ್ತಾಳೆ ಎಂದು ಕಾದೆ. "ಆ ತುಂಡನ್ನ ಎಲ್ಲೂ ಬಿಸಾಕಿ ಗಿಸಾಕೀಯ. ವಾಪಸ್ ಕಳ್ಸುವಾಗ ಸೇರ್ಸಿಲ್ಲ ಅಂದ್ರೆ ನಿನ್ ಕೆಲ್ಸ ಹೋಯ್ತದೆ" ಎಂದಳು, ಹೊರಟುಹೋದಳು. ಪ್ರಿಂಟು ಮುಂದಿನ ಊರಿಗೆ ಹೋಗುವ ದಿನ ಸೇರಿಸಿದೆ. ಒಳ್ಳೆಯ ಜಾಯಿಂಟು, ಎಲ್ಲೂ ಗೊತ್ತಾಗಲಿಲ್ಲ. ಯಾವುದೋ ಊರಿನ ಜನ ಮೂರನೇ ಏಟಿಗೆ ಸರಿಯಾಗಿ ನಕ್ಕಿರಬೇಕು.

ಅದೇ ವರ್ಷ ಅವಳ ಮದುವೆಯಾಯಿತು. ಗಂಡ ಒಳ್ಳೆಯವನೇ, ಕಡೂರಿನಲ್ಲಿ ಹಿಟ್ಟಿನ ಗಿರಣಿ. ಆಮೇಲೆ ಅವಳು ಸಿನಿಮಾ ನೋಡಿದ್ದನ್ನು ನಾನು ಕಾಣೆ. ನಾನು ಟೆಂಟು ಬಿಟ್ಟು ತರೀಕೆರೆಯ ಚಿತ್ರಮಂದಿರ ಸೇರಿದೆ. ಎರಡು ಪ್ರೊಜೆಕ್ಟರ್, ಕಟ್ಟಡದ ಟಾಕೀಸು. ಬಾ ಎಂದು ಎಷ್ಟೋ ಸಲ ಕರೆದೆ. ಗಿರಣಿಯಲ್ಲಿ ಜನ ಇದ್ದಾರೆ ಅನ್ನುವಳು, ಮಗಳಿಗೆ ಜ್ವರ ಅನ್ನುವಳು. ಹಬ್ಬಕ್ಕೆ ಬರುವಳು, ನನ್ನ ಮಕ್ಕಳಿಗೆ ಬಟ್ಟೆ ತರುವಳು, ನನ್ನ ಜೊತೆ ನಗುನಗುತ್ತಲೇ ಮಾತಾಡುವಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳ ಮನೆಗೆ ಟಿ.ವಿ. ಬಂತು. ಒಂದು ಭಾನುವಾರ ಹೋಗಿದ್ದೆ. ಸಂಜೆ ಯಾವುದೋ ಸಿನಿಮಾ ಹಾಕಿದ್ದರು. ಎಂಟು ವರ್ಷದ ಅವಳ ಮಗಳು ನನ್ನ ಪಕ್ಕ ಕೂತು ನಗುತ್ತಿದ್ದಳು. ತಂಗಿ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಳು. ಮಗು ಕೂಗಿ ಕೇಳಿತು, ಅವ್ವಾ, ಅವನಿಗೆ ಪೆಟ್ಟಾದರೆ ನಮಗೆ ಯಾಕೆ ನಗು ಬರುತ್ತದೆ ಎಂದು.

"ನಂಗೆ ಸಿನಿಮಾ ಎಲ್ಲ ತಿಳಿಯಲ್ಲ ಕಣೇ" ಎಂದಳು ಒಳಗಿನಿಂದ. "ನಿಮ್ ಮಾವನ್ನ ಕೇಳು, ಅವರದ್ದೇ ಆ ಕೆಲ್ಸ."

ಅದರಲ್ಲಿ ಚುಚ್ಚುವ ದನಿಯಿದೆಯೇ ಎಂದು ಕಿವಿಗೊಟ್ಟೆ. ಇರಲಿಲ್ಲ. ತನಗೆ ಸಿನಿಮಾ ತಿಳಿಯುವುದಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಮಗು ನನ್ನ ಮುಖ ನೋಡಿತು. ಅದಕ್ಕೆ ಕೊಡಬಹುದಾದ ಉತ್ತರ ನನಗೆ ಗೊತ್ತಿತ್ತು. ಅದು ನನ್ನದಲ್ಲ, ಅದರ ಅವ್ವನಿಂದ ನಾನು ಕಲಿತದ್ದು. ಎದ್ದು ಅಡಿಗೆಮನೆಗೆ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕೂತೆ. ಅವಳು ಮೊರವನ್ನು ಸ್ವಲ್ಪ ನನ್ನ ಕಡೆ ಸರಿಸಿದಳು, ಬಿಡಿಸಲು ಬಂದೆನೆಂದುಕೊಂಡು. ಹತ್ತು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ಆವತ್ತು ನೀನು ಹೇಳಿದ್ದೆಲ್ಲ ನಿಜ ಕಣವ್ವಾ. ಮೇಷ್ಟ್ರ ಮುಂದೆ ಸುಳ್ಳು ಹೇಳಿದ್ದು ನಾನು. ಕೆಲ್ಸದ ಭಯ ಅಂತ ಇಷ್ಟು ವರ್ಷ ನಂಗೆ ನಾನೇ ಹೇಳ್ಕಂಡೆ, ಬರೀ ಭಯ ಅಲ್ಲ, ನಿನ್ ಮೇಲೆ ಹೊಟ್ಟೆಕಿಚ್ಚಿತ್ತು. ನಿಂಗೆ ತಿಳಿದಷ್ಟು ಸಿನಿಮಾ ನಾನು ಕಂಡ ಯಾರಿಗೂ ತಿಳೀಲಿಲ್ಲ. ಅದನ್ನ ಹಾಳ್ ಮಾಡಿದೋನು ನಾನು. ತಪ್ಪಾಯ್ತು ಕಣೇ."