ಎಲ್ಡನ್‌ಗೆ ಕಾಣುವ ಹಾಗೆ

ನೋಲಾ ಸ್ವೊಬೋಡಾ ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಮಾಡಿಕೊಂಡು, ಹಿತ್ತಲಲ್ಲಿ ನಿಂತಿರುವ ಮನೆಗಾಡಿಗೆ ಹೋಗಿ ಬರೆಯಲು ಕೂರುತ್ತಾಳೆ. ಮಂಚ, ಒಲೆ, ಬಚ್ಚಲು ಎಲ್ಲ ಇರುವ ಮೂವತ್ತು ಅಡಿ ಉದ್ದದ ಆ ಗಾಡಿ ಈಗ ಎಲ್ಲಿಗೂ ಹೋಗುವುದಿಲ್ಲ. ಮನೆಯೊಳಗೆ ಅವಳಿಗೆ ಒಳ್ಳೆಯ ಮೇಜಿದೆ, ಆದರೆ ಅಲ್ಲಿ ಕೂತರೆ ಒಂದು ವಾಕ್ಯವೂ ಹುಟ್ಟುವುದಿಲ್ಲವಂತೆ. ಸ್ಟೀರಿಂಗ್ ಮೇಲೆ ಹಲಗೆ ಅಡ್ಡ ಇಟ್ಟುಕೊಂಡು ಡ್ರೈವರ್ ಸೀಟಿನಲ್ಲೇ ಕೂತು ಬರೆಯುತ್ತಾಳೆ. ಏಳು ಗಂಟೆಗೆ ಅವಳ ಗಂಡ ಎಲ್ಡನ್, ಹಿಂಬಾಗಿಲಿನಿಂದ ಗಾಡಿಯವರೆಗೆ ಕಟ್ಟಿದ ಹಗ್ಗ ಹಿಡಿದುಕೊಂಡು ಬಂದು ಬಲಗಡೆಯ ಸೀಟಿನಲ್ಲಿ ಕೂರುತ್ತಾನೆ. ಬರೆದದ್ದನ್ನು ಅವಳು ಓದುತ್ತಾಳೆ. ಇಷ್ಟವಾಗದಿದ್ದರೆ ಅವನದು ಒಂದೇ ಮಾತು: "ಕಾಣ್ತಾ ಇಲ್ಲ, ನೋಲಾ." ಅವಳು ಅದನ್ನು ಮತ್ತೆ ಬರೆಯುತ್ತಾಳೆ.

ನಮ್ಮದು ನೆಬ್ರಾಸ್ಕಾದ ಸಣ್ಣ ಊರು. ಇಲ್ಲಿನ ಅಗ್ನಿಶಾಮಕ ಠಾಣೆಯ ಪಕ್ಕದ ಎರಡು ಕೋಣೆಯ ಗ್ರಂಥಾಲಯವನ್ನು ಇಪ್ಪತ್ತೆರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಊರಿನ ಏಕೈಕ ಲೇಖಕಿಯ ಬಗ್ಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನೋಲಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ದಿನಸಿ ಪಟ್ಟಿ ಬಿಟ್ಟರೆ ಬೇರೇನೂ ಬರೆದವಳಲ್ಲ. ಎಲ್ಡನ್ ಬೋರ್ಡು ಬರೆಯುವವನು. ಅಂಗಡಿ, ಲಾರಿ, ಧಾನ್ಯದ ಗೋದಾಮು, ಊರ ನೀರಿನ ಟ್ಯಾಂಕು, ಸುತ್ತ ನೂರು ಮೈಲಿಯಲ್ಲಿ ಅವನ ಕೈಯ ಅಕ್ಷರ ಇಲ್ಲದ ಊರಿರಲಿಲ್ಲ. ಅವನಿಗೆ ಅರವತ್ತೊಂದಾದಾಗ ಡಾಕ್ಟರು, ಕಣ್ಣಿನ ಹಿಂಪದರ ಸವೆಯುತ್ತಿದೆ, ಇನ್ನೆರಡು ವರ್ಷ ಕಾಣಬಹುದು ಎಂದರು. ಅವತ್ತೇ ಎಲ್ಡನ್ ತೀರ್ಮಾನಿಸಿಬಿಟ್ಟ. ಮನೆ ಮಾರಿ ಮನೆಗಾಡಿ ಕೊಂಡರು. ಪಿಕಪ್‌ಗಿಂತ ದೊಡ್ಡದೇನನ್ನೂ ಓಡಿಸದಿದ್ದ ನೋಲಾ ಚರ್ಚಿನ ಅಂಗಳದಲ್ಲಿ ಮೂರು ವಾರ ಆ ಗಾಡಿಯನ್ನು ಹಿಂದೆ ಮುಂದೆ ಮಾಡಿ ಕಲಿತಳು. ಪಾದ್ರಿಯ ಅಂಚೆಪೆಟ್ಟಿಗೆ ಎರಡು ಸಲ ಉರುಳಿತು.

ಎರಡು ವರ್ಷ ಅವನು ಬೆಟ್ಟ, ಮರಳುಗಾಡು, ಕಣಿವೆಗಳನ್ನೆಲ್ಲ ಕಣ್ತುಂಬ ನೋಡಿದ. ಡಾಕ್ಟರು ಹೇಳಿದ ಹಾಗೆಯೇ ಕತ್ತಲೆ ಬಂತು. ಆಗ ಅವರು ನ್ಯೂ ಮೆಕ್ಸಿಕೋದಲ್ಲಿದ್ದರು.

"ಇನ್ನು ಊರಿಗೆ ಹೋಗೋಣ," ಎಂದಳು ನೋಲಾ.

"ಯಾಕೆ? ನಿನ್ನ ಕಣ್ಣಿಗೇನಾಗಿದೆ?" ಎಂದನಂತೆ ಎಲ್ಡನ್.

ಹೀಗೆ ಇನ್ನೂ ಒಂಬತ್ತು ವರ್ಷ ಅವರು ಅಲೆದರು. ಅವಳು ಗಾಡಿ ಓಡಿಸುತ್ತ ಕಂಡದ್ದನ್ನು ಹೇಳಬೇಕು, ಅವನು ಪ್ರಶ್ನೆ ಕೇಳಬೇಕು. "ಬಲಗಡೆ ಏನಿದೆ?" "ಗುಡ್ಡ." "ಗುಡ್ಡ ಅಂದ್ರೆ ನಂಗೇನು ಗೊತ್ತಾಗುತ್ತೆ? ಬಣ್ಣ ಹೇಳು." "ಕಂದು." "ಯಾವ ಕಂದು? ಹಸಿ ಮಣ್ಣಿಂದಾ, ಸುಟ್ಟ ರೊಟ್ಟೀದಾ?" ಮೊದಮೊದಲು ನೋಲಾ ಸಿಡುಕುತ್ತಿದ್ದಳು. ಮಳೆ ಬರುವಾಗ, ಲಾರಿಗಳು ಪಕ್ಕದಲ್ಲೇ ನುಗ್ಗುವಾಗ ಯಾರಿಗೆ ಬೇಕು ಕಂದಿನ ಬಗೆ? ಆಮೇಲೆ ಅವನು ಕೇಳುವ ಮೊದಲೇ ಹುಡುಕತೊಡಗಿದಳು. ಚಳಿಗಾಲದಲ್ಲಿ ಎಲ್ಲಾದರೂ ಬೀಡುಬಿಟ್ಟಾಗ ಅವನು ಹಳೆಯ ಜಾಗವೊಂದನ್ನು ಮತ್ತೆ ಹೇಳು ಎನ್ನುತ್ತಿದ್ದ. ಮರೆತುಹೋಗುತ್ತದೆಂದು ಅವಳು ಬರೆದಿಡಲು ಶುರು ಮಾಡಿದಳು. ಕೊನೆಗೆ ಊರಿಗೆ ಮರಳಿ ಸಣ್ಣ ಬಾಡಿಗೆ ಮನೆ ಹಿಡಿಯುವಾಗ ಮೂವತ್ತೊಂದು ನೋಟುಪುಸ್ತಕಗಳಾಗಿದ್ದವು.

ಎರಡು ಚಳಿಗಾಲ ನನ್ನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಎರಡೇ ಬೆರಳಿನಿಂದ ಟೈಪ್ ಮಾಡಿದಳು. ನಾಲ್ಕು ಪ್ರಕಾಶಕರಿಗೆ ಕಳಿಸಿದಳು. ಇಬ್ಬರು ಬೇಡವೆಂದರು, ಇನ್ನಿಬ್ಬರು ಉತ್ತರವನ್ನೇ ಕೊಡಲಿಲ್ಲ. ಒಂದು ತಿಂಗಳು ಸುಮ್ಮನಿದ್ದು, ತಾನೇ ನಮ್ಮ ರಾಜ್ಯದ ರಾಜಧಾನಿ ಲಿಂಕನ್‌ಗೆ ಹೋಗಿ ಮುನ್ನೂರು ಪ್ರತಿ ಅಚ್ಚು ಹಾಕಿಸಿಕೊಂಡು ಬಂದಳು. ಪುಸ್ತಕದ ಹೆಸರು 'ಬಲಗಡೆ ಏನಿದೆ?' ಅಂದಿನಿಂದ ಅವಳ ದಿನಕ್ಕೆ ಹೊಸ ಕೆಲಸಗಳು ಸೇರಿದವು. ಬೆಳಿಗ್ಗೆ ಬರವಣಿಗೆ, ಹತ್ತು ಗಂಟೆಗೆ ಅಂಚೆ ಕಚೇರಿಗೆ ಪಾರ್ಸೆಲ್, ಮಧ್ಯಾಹ್ನ ಓದುಗರ ಪತ್ರಗಳಿಗೆ ಉತ್ತರ, ಶನಿವಾರ ರೈತರ ಸಂತೆಯಲ್ಲಿ ಮಡಚುವ ಮೇಜು. ಮೇಜಿನ ಒಂದು ತುದಿಯಲ್ಲಿ ಪುಸ್ತಕ, ಇನ್ನೊಂದು ತುದಿಯಲ್ಲಿ ಗಸಗಸೆ ತುಂಬಿದ ಕೊಲಾಚಿ ಬನ್ನು. ಬನ್ನು ಬೇಗ ಖಾಲಿಯಾಗುತ್ತಿತ್ತು.

ಗೋದಾಮಿನ ಡೆಲ್ಬರ್ಟ್ ಪ್ರತಿ ಶನಿವಾರವೂ ಬನ್ನಿಗೆ ಬರುತ್ತಿದ್ದ. "ಏನಮ್ಮಾ ಲೇಖಕಿ, ನೀನೇ ಬರ್ದು, ನೀನೇ ಅಚ್ಚು ಹಾಕ್ಸಿ, ನೀನೇ ಮಾರ್ತೀಯ. ಓದೋದೂ ನೀನೇನಾ?"

"ಹೂಂ ಡೆಲ್ಬರ್ಟ್. ಓದೋಕೆ ಬರೋರು ಬೇಕಲ್ಲ, ಅದಕ್ಕೇ ನಿನ್ನ ಕೇಳ್ಲಿಲ್ಲ."

ಹೋದ ವರ್ಷ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ನೋಲಾ ಗ್ರಂಥಾಲಯಕ್ಕೆ ಬಂದು ನನ್ನ ಮುಂದೆ ಒಂದು ಪತ್ರ ಇಟ್ಟಳು. ಮೇನ್ ರಾಜ್ಯದ ಕಡಲತೀರದಿಂದ ಒಬ್ಬ ಮುದುಕಿ ಬರೆದಿದ್ದಳು. ಪುಸ್ತಕ ಬಹಳ ಹಿಡಿಸಿತು, ಆದರೆ ನೂರಹನ್ನೆರಡನೆಯ ಪುಟದಲ್ಲಿ ನೀವು ಗಾಡಿ ನಿಲ್ಲಿಸಿದ ಜಾಗದಿಂದ ನಮ್ಮ ಬಂದರು ಕಾಣುವುದಿಲ್ಲ, ನಡುವೆ ಗುಡ್ಡವಿದೆ, ನಾನು ಅರವತ್ತು ವರ್ಷ ಅಲ್ಲೇ ಬದುಕಿದವಳು ಎಂದು.

"ಬೇರೆ ಜಾಗದ ಜೊತೆ ಕಲಸಿಕೊಂಡಿರ್ಬೇಕು ನೀನು," ಎಂದೆ.

"ಇಲ್ಲ ಮ್ಯಾವಿಸ್. ಆ ಬಂದರನ್ನ ನಾನು ನೋಡೇ ಇಲ್ಲ."

ಆಮೇಲೆ ಹೇಳಿದಳು. ಎಲ್ಡನ್ ಜೀವಮಾನದಲ್ಲಿ ಎಲ್ಲದರ ಮೇಲೂ ಅಕ್ಷರ ಬರೆದಿದ್ದ, ದೋಣಿಯ ಮೇಲೆ ಮಾತ್ರ ಬರೆದಿರಲಿಲ್ಲ. ಹೆಸರು ಬರೆದ ದೋಣಿಗಳು ಸಾಲಾಗಿ ನಿಂತಿರುವ ಬಂದರಿಗೆ ಹೋಗಬೇಕೆಂದು ಹಟ ಹಿಡಿದಿದ್ದ. ಐದು ದಿನ ಗಾಡಿ ಓಡಿಸಿ ಹೋದರೆ ದಟ್ಟ ಮಂಜು. ಅವಳಿಗೆ ತನ್ನ ಗಾಡಿಯ ಮೂತಿಯೇ ಕಾಣುತ್ತಿರಲಿಲ್ಲ. ಎಲ್ಡನ್‌ಗೆ ಜ್ವರ, ಮರುದಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅವನು ಕಿಟಕಿಗೆ ಹಣೆ ಒತ್ತಿ, "ಹೇಳು, ಎಷ್ಟು ದೋಣಿ?" ಎಂದ. ಏನೂ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹದಿನಾಲ್ಕು ಎಂದಳು. ಬಿಸಿಲಿದೆ ಎಂದಳು. ಎಳೆ ಹಸಿರು ದೋಣಿಯ ಮೇಲೆ ಬಿಳಿ ಅಕ್ಷರದಲ್ಲಿ 'ಪ್ರೇರಿ ಕ್ವೀನ್' ಎಂದಿದೆ ಎಂದಳು. ಒಂದು ಗಂಟೆ ಹೇಳಿದಳು. ಆ ರಾತ್ರಿಯೇ ಅದನ್ನು ಬರೆದೂ ಇಟ್ಟಳು. ಪುಸ್ತಕಕ್ಕೆ ಸೇರಿಸುವಾಗ ಕೈ ತಡೆಯಿತು, ಆದರೆ ಅವನೇ ಆ ಪುಟ ಎಲ್ಲಿ ಎಂದು ಕೇಳಿದ್ದ.

"ಒಂಬತ್ತು ವರ್ಷ ನನ್ನ ಕಣ್ಣನ್ನೇ ನಂಬಿದ್ದ. ಈಗ ಹೇಗೆ ಹೇಳ್ಲಿ? ನೀನೂ ಬಾ," ಎಂದಳು.

ಮರುದಿನ ಏಳು ಗಂಟೆಗೆ ನಾನೂ ಮನೆಗಾಡಿಯಲ್ಲಿದ್ದೆ, ಹಿಂದಿನ ಬೆಂಚಿನ ಮೇಲೆ. ನೋಲಾ ಪತ್ರವನ್ನು ಪೂರ್ತಿ ಓದಿದಳು. "ಅವಳು ಹೇಳಿದ್ದು ನಿಜ, ಎಲ್ಡನ್. ಅವತ್ತು ಮಂಜು ಬಿಟ್ರೆ ನಂಗೇನೂ ಕಾಣ್ಲಿಲ್ಲ," ಎಂದು ತಲೆ ತಗ್ಗಿಸಿದಳು.

ಎಲ್ಡನ್ ಕಾಫಿ ಲೋಟ ಕೆಳಗಿಟ್ಟು ನಗಲು ಶುರು ಮಾಡಿದ. ಕೆಮ್ಮು ಬರುವವರೆಗೂ ನಕ್ಕ.

"ಅಲ್ಲ ಕಣೇ, ಗಾಜು ಒರೆಸೋ ಕಡ್ಡಿ ಕಿರಕಿರ ಅಂತಾನೇ ಇತ್ತು. ನೀನು ನೋಡಿದ್ರೆ ಬಿಸಿಲು ಅಂತೀಯ. ನಂಗೆ ಹೋಗಿದ್ದು ಕಣ್ಣು, ಕಿವಿ ಅಲ್ಲ."

"ನಿಂಗೆ ಗೊತ್ತಿತ್ತಾ?"

"ಎಳೆ ಹಸಿರಿನ ಮೇಲೆ ಬಿಳಿ ಅಕ್ಷರ! ನಲವತ್ತು ವರ್ಷ ಬೋರ್ಡು ಬರೆದೋನಿಗೆ ಹೇಳ್ತೀಯ. ಹತ್ತು ಮಾರು ದೂರಕ್ಕೆ ಅದು ಕಾಣುತ್ತಾ? ಇನ್ನು 'ಪ್ರೇರಿ ಕ್ವೀನ್.' ಅದು ನಿಮ್ಮ ಶಾಲೆ ಅಡುಗೆಮನೆ ಹಿಟ್ಟಿನ ಚೀಲದ ಹೆಸರು. ಸಮುದ್ರದಲ್ಲಿ ಹುಲ್ಲುಗಾವಲಿನ ರಾಣಿ!"

ನಾನು ಬಾಯಿ ಮುಚ್ಚಿಕೊಂಡರೂ ನಗು ಹೊರಬಂತು. ನೋಲಾ ನಗಲಿಲ್ಲ. "ಮತ್ಯಾಕೆ ಸುಮ್ನಿದ್ದೆ ಇಷ್ಟು ವರ್ಷ?" ಎಂದಳು.

"ಅವತ್ತು ನೀನು ಎಷ್ಟು ಚೆನ್ನಾಗಿ ಹೇಳ್ತಿದ್ದೆ ಅಂದ್ರೆ, ನಡುವೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ," ಎಂದ ಎಲ್ಡನ್. "ಕಾಣ್ತಿತ್ತು ನಂಗೆ. ಹದಿನಾಲ್ಕೂ ಕಾಣ್ತಿತ್ತು," ಎಂದು ಸೇರಿಸಿದ. ಆಗ ನೋಲಾ ಅತ್ತಳು. ನಾನು ಲೋಟ ತೊಳೆಯುವ ನೆಪ ಮಾಡಿ ಮನೆಯೊಳಗೆ ಹೋದೆ.

ಮಾರಾಟವಾಗದೆ ಉಳಿದ ಪ್ರತಿಗಳಿಂದ ಆ ಪುಟ ಹರಿದುಹಾಕುತ್ತೇನೆಂದು ನೋಲಾ ಹೊರಟಳು. ಎಲ್ಡನ್ ಒಪ್ಪಲಿಲ್ಲ. ಕೊನೆಗೆ ಅವಳು ಸಣ್ಣ ಚೀಟಿಗಳ ಮೇಲೆ ಕೈಯಾರೆ ಬರೆದಳು: "ಈ ದಿನ ಮಂಜಿತ್ತು. ನಾನು ಏನನ್ನೂ ನೋಡಲಿಲ್ಲ. ಇದೆಲ್ಲ ಎಲ್ಡನ್‌ಗಾಗಿ ಹೇಳಿದ್ದು." ಪ್ರತಿಯೊಂದು ಪುಸ್ತಕದಲ್ಲೂ ನೂರಹನ್ನೆರಡನೆಯ ಪುಟದ ಅಡಿಗೆ ಅಂಟಿಸಿದಳು. ಮೇನ್‌ನ ಮುದುಕಿಗೆ ಕ್ಷಮೆ ಕೇಳಿ ಬರೆದಳು. ದೂರದ ಓದುಗರಿಗೆ ಚೀಟಿಗಳನ್ನು ಅಂಚೆಯಲ್ಲಿ ಕಳಿಸಿದಳು. ಊರಿನಲ್ಲಿ ಪುಸ್ತಕ ಕೊಂಡವರ ಮನೆಮನೆಗೆ ಗೋಂದಿನ ಬಾಟಲಿ ಹಿಡಿದು ತಾನೇ ಹೋದಳು. ಜೊತೆಗೆ ನಾನೂ ಹೋದೆ. ಡೆಲ್ಬರ್ಟನ ಮನೆ ದಾಟಿ ಹೋಗುತ್ತಿದ್ದಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೂಗಿದಳು.

"ನಮ್ಮನೇಲೂ ಒಂದಿದೆ, ಬನ್ನಿ!"

"ನಮ್ಮನೇಲಿ ಯಾವ ಪುಸ್ತಕಾನೂ ಇಲ್ಲ," ಎಂದು ಒಳಗಿನಿಂದ ಡೆಲ್ಬರ್ಟನ ದನಿ.

ಅವಳು ಪುಸ್ತಕ ತಂದಳು. ರಟ್ಟಿನ ಮೇಲೆ ಕಾಫಿ ಕಲೆ, ಮೂಲೆಗಳೆಲ್ಲ ಮಡಚಿ ಮೆತ್ತಗಾಗಿದ್ದವು. ಡೆಲ್ಬರ್ಟ್ ಕಿವಿ ಕೆಂಪು ಮಾಡಿಕೊಂಡು ಹೊರಬಂದು ಚೀಟಿ ಓದಿದ.

"ಉಳಿದದ್ದೆಲ್ಲ ನಿಜಾನಾ?"

"ಒಂದೊಂದು ಕಲ್ಲೂ ನಿಜ."

"ಹಾಗಾದ್ರೆ ಅಂಟಿಸು. ಆ ಹಸಿರು ದೋಣಿ ಮೇಲೆ ಮಾತ್ರ ಅಂಟಿಸ್ಬೇಡ. ಅದು ನಂಗೆ ಬೇಕು."

ಕ್ರಿಸ್‌ಮಸ್ಸಿಗೆ ಮೊದಲು ಮೇನ್‌ನ ಮುದುಕಿಯಿಂದ ಉತ್ತರ ಬಂತು. ತನ್ನ ಚರ್ಚಿನ ಹೆಂಗಸರಿಗೆ ಆರು ಪ್ರತಿ ಬೇಕು, ಚೀಟಿ ಅಂಟಿಸಿದ್ದೇ ಬೇಕು ಎಂದು. ಆ ಹೆಂಗಸರು ಇನ್ನು ಯಾರು ಯಾರಿಗೆ ಹೇಳಿದರೋ, ಫೆಬ್ರವರಿಯೊಳಗೆ ಮುನ್ನೂರೂ ಮುಗಿದು ನೋಲಾ ಎರಡನೆಯ ಸಲ ಅಚ್ಚು ಹಾಕಿಸಿದಳು. ಚೀಟಿಯ ಮಾತನ್ನು ಈ ಸಲ ಪುಟದಲ್ಲೇ ಅಚ್ಚು ಮಾಡಿಸಿದಳು.

ಈ ವಸಂತದಲ್ಲಿ ಕುರುಡರಿಗಾಗಿ ಪುಸ್ತಕಗಳನ್ನು ಧ್ವನಿಮುದ್ರಿಸುವವರು ಲಿಂಕನ್‌ನಿಂದ ಪತ್ರ ಬರೆದರು. ಓದಲು ತಮ್ಮಲ್ಲಿ ಒಳ್ಳೆಯ ದನಿಯವರಿದ್ದಾರೆ, ಅನುಮತಿ ಕೊಟ್ಟರೆ ಸಾಕು ಎಂದಿದ್ದರು. ನೋಲಾ ಅನುಮತಿ ಕೊಟ್ಟಳು, ಆದರೆ ಓದುವವಳು ತಾನೇ ಎಂದಳು. ನನ್ನ ಕಾರಿನಲ್ಲೇ ಇಬ್ಬರನ್ನೂ ಕರೆದುಕೊಂಡು ಹೋದೆ. ಗಾಜಿನ ಕೋಣೆಯೊಳಗೆ ಅವಳು ಮೂರು ದಿನ ಓದಿದಳು. ಹೊರಗೆ ಎಲ್ಡನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಎರಡು ಸಲ ಕೈ ಎತ್ತಿ ನಿಲ್ಲಿಸಿ, ಆ ಸಾಲು ಅವಸರವಾಯಿತು ಎಂದ. ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು ಅವನ ಮಾತಿಗೆ ತಲೆಯಾಡಿಸಿ ಮತ್ತೆ ಓದಿಸಿದಳು.

ಕೊನೆಯ ದಿನ ಆಕೆ ನೋಲಾಳನ್ನು ಕೇಳಿದಳು: "ಇಷ್ಟು ದಿನ ಓದಿದ್ರೂ ನಿಮ್ಮ ದನಿ ಒಂಚೂರೂ ಬೀಳ್ಲಿಲ್ಲ. ಎಲ್ಲಿ ಅಭ್ಯಾಸ ಮಾಡಿದ್ರಿ?"

"ಲಾರಿಗಳ ಸದ್ದಿನ ಮಧ್ಯೆ," ಎಂದಳು ನೋಲಾ, ಕೋಟು ಹಾಕಿಕೊಳ್ಳುತ್ತ.

ಆ ವಾರ ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯ ಬಾಗಿಲಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ನಾನೇ ಸುದ್ದಿ ಹೇಳಿದೆ. ಪುಸ್ತಕ ಟೈಪಾದದ್ದು ನನ್ನ ಕಂಪ್ಯೂಟರಿನಲ್ಲಿ ಎಂಬುದನ್ನು ಹೇಳಲು ಒಮ್ಮೆಯೂ ಮರೆಯಲಿಲ್ಲ.