ಮೊಮ್ಮಗಳಿಗೆ ಇಟ್ಟ ಅಜ್ಜನ ಹೆಸರು

ಮೊಮ್ಮಗಳು ಇವತ್ತು ಮನೆಗೆ ಬಂದಳು. ಕಾಪುವಿನ ನಮ್ಮ ಮನೆಯಲ್ಲಿ, ನಮ್ಮ ತೊಟ್ಟಿಲಲ್ಲಿ ಮಲಗಿದ್ದಾಳೆ. ಹಾಲು ಕುಡಿದಳು, ಒಮ್ಮೆ ಸೀನಿದಳು. ಆ ಸೀನಿನ ಸುದ್ದಿಯನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದರೂ ಇದನ್ನು ಬರೆಯದೆ ಇರಲು ಆಗುತ್ತಿಲ್ಲ.

ಹುಟ್ಟಿ ಮನೆ ಸೇರಲು ಅವಳಿಗೆ ನಲವತ್ತೊಂದು ದಿನ ಬೇಕಾಯಿತು. ಏಳು ತಿಂಗಳಿಗೇ ಹುಟ್ಟಿದ ಮಗು. ಮಣಿಪಾಲದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ ಹಾಕಿಕೊಂಡು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಡಾಕ್ಟರು ಮಗನನ್ನು ಕರೆದು, ಉಸಿರು ಕಡಿಮೆಯಾಗುತ್ತಿದೆ, ನೋಡುವವರು ಬಂದು ನೋಡಲಿ ಎಂದರು. ಸೊಸೆ ಆಪರೇಷನ್ನಿನ ನೋವಿನಲ್ಲಿ ಬೇರೆ ವಾರ್ಡಿನಲ್ಲಿದ್ದಳು. ನಮ್ಮ ಚರ್ಚಿನ ಫಾದರ್‌ಗೆ ಫೋನ್ ಮಾಡಿದರೆ ಅವರು ಕಾರ್ಕಳದಲ್ಲಿ ಯಾರದೋ ಮದುವೆಯಲ್ಲಿ. ಕೂಡಲೇ ಹೊರಟರೂ ಒಂದು ಗಂಟೆ ಬೇಕು. 

ಜ್ಞಾನಸ್ನಾನವಿಲ್ಲದೆ ಮಗು ಹೋಗಬಾರದು, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಫಾದರ್ ಇಲ್ಲದ ಹೊತ್ತಿನಲ್ಲಿ ಜೀವಕ್ಕೆ ಅಪಾಯವಾದರೆ ಯಾರಾದರೂ ನೀರು ಹೊಯ್ದು ಹೆಸರಿಡಬಹುದು ಎಂದು ಚಿಕ್ಕಂದಿನ ಧರ್ಮಪಾಠದಲ್ಲಿ ಕಲಿತಿದ್ದೆ. ನರ್ಸ್ ನನಗೆ ಗೌನು ತೊಡಿಸಿ, ಕೈ ತೊಳೆಸಿ, ಸಿರಿಂಜಿನಲ್ಲಿ ಸ್ವಲ್ಪ ನೀರು ಕೊಟ್ಟಳು.

ಹೆಸರನ್ನು ಯಾರೂ ಯೋಚಿಸಿರಲಿಲ್ಲ. ನಮ್ಮಲ್ಲಿ ಮೊದಲ ಮಗುವಿಗೆ ತಂದೆಯ ಕಡೆಯ ಹಿರಿಯರ ಹೆಸರು. ಗಂಡಾದರೆ ಅಜ್ಜನದ್ದು, ಹೆಣ್ಣಾದರೆ ಅಜ್ಜಿಯದ್ದು. ನನ್ನ ಹೆಸರು ಇಡಬೇಕಿತ್ತು. ನಾನು ಇಟ್ಟದ್ದು ಹೋದ ವರ್ಷ ತೀರಿಕೊಂಡ ನನ್ನ ಗಂಡನ ಹೆಸರು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ನಾನೂ ಹೇಳಿದವಳಲ್ಲ, ಇಲ್ಲಿ ಬರೆಯಲೂ ಕೈ ಬರುವುದಿಲ್ಲ. ಬೈಬಲಿನಲ್ಲಿ ಸಿಂಹಗಳ ಗುಹೆಗೆ ಹಾಕಿದರೂ ಗಾಯವಿಲ್ಲದೆ ಹೊರಗೆ ಬಂದನಲ್ಲ, ಅವನ ಹೆಸರು. ಮಗು ಹೆಣ್ಣೆಂದು ಗೊತ್ತಿದ್ದೇ ಹೇಳಿದೆ. ಆ ಗಳಿಗೆಯಲ್ಲಿ ಮಗುವನ್ನು ಹಿಡಿದುಕೊಳ್ಳಲು ಯಾರಾದರೂ ಗಟ್ಟಿಯವರು ಬೇಕಿತ್ತು. ಮೂರು ಸಲ ಹಣೆಗೆ ನೀರು ಬಿಟ್ಟೆ.

ಮಗು ಆ ಸಂಜೆ ಹೋಗಲಿಲ್ಲ. ಆದರೆ ಉಳಿಯುತ್ತದೆ ಎಂದೂ ಯಾರೂ ಹೇಳಲಿಲ್ಲ.

ಮರುದಿನ ಕಾರ್ಕಳದಿಂದ ಬೀಗಿತ್ತಿ ಬಂದರು. ವಿಷಯ ತಿಳಿದು ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದರು. “ಎಂತ ಮಾಡಿದ್ದು ನೀವು? ಗಂಡಸಿನ ಹೆಸರು, ಅದೂ ಸತ್ತವರದ್ದು. ನಾಳೆ ಶಾಲೆಯಲ್ಲಿ ಹಾಜರಿ ಕರೆಯುವಾಗ ಮಕ್ಕಳು ನಗಾಡುವುದಿಲ್ವಾ?”

“ಶಾಲೆಗೆ ಹೋಗುವಷ್ಟು ಬದುಕಲಿ. ನಗಾಡಿದರೆ ನಗಾಡಲಿ” ಎಂದೆ.

ಬಾಯಲ್ಲಿ ಹಾಗೆಂದೆ, ಒಳಗೆ ಕುಸಿದುಹೋಗಿದ್ದೆ. ಮಗುವಿನ ತೂಕ ಇಳಿದರೆ ನನ್ನಿಂದಾಯಿತು ಅನ್ನಿಸುತ್ತಿತ್ತು. ಜ್ವರ ಬಂದಾಗ, ತೀರಿಕೊಂಡ ಗಂಡನೇ ಮಗುವನ್ನು ತಮ್ಮ ಬಳಿಗೆ ಕರೆದುಕೊಳ್ಳುತ್ತಿದ್ದಾರೋ ಎಂದು ಹೆದರಿ, ಬೆಂಚಿನ ಮೇಲೆ ಕೂತು ಅವರನ್ನೇ ಬೈದೆ. ಸಿಂಹದ ಎದುರು ಹೆದರದೆ ಕೂತವನಿಗೆ ಆ ಧೈರ್ಯ ಗಂಡಸೆಂಬ ಕಾರಣಕ್ಕೆ ಬಂದದ್ದಲ್ಲ ಎಂದು ನನಗೆ ನಾನೇ ವಾದಿಸುತ್ತಿದ್ದೆ. ನೀರು ಕೊಟ್ಟ ನರ್ಸ್, ತನ್ನ ಹಾಸ್ಟೆಲಿನಲ್ಲಿ ಆ ಹೆಸರಿನ ಹುಡುಗಿಯೊಬ್ಬಳು ಇದ್ದಳು, ಯಾರೂ ನಗಾಡಲಿಲ್ಲ ಎಂದಳು. ಆದರೂ ಹೆತ್ತವಳನ್ನು ಕೇಳದೆ ಹೆಸರಿಟ್ಟದ್ದು ಹೌದಲ್ಲ. ಐದನೆಯ ದಿನ ಸೊಸೆಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ವಾರಗಟ್ಟಲೆ ನನ್ನೊಡನೆ ಬೇಕಾದಷ್ಟೇ ಮಾತು. ದಿನಾ ಒಳಗೆ ಹೋಗಿ ಮಗುವನ್ನು ಎದೆಗಾನಿಸಿ ಕೂರಲು ಅವಳಿಗೆ ಮಾತ್ರ ಅನುಮತಿ ಇತ್ತು. ಒಳಗೆ ಏನೆಂದು ಕರೆಯುತ್ತಾಳೋ, ಕೇಳುವ ಧೈರ್ಯ ನನಗಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಫಾದರ್ ಮನೆಗೆ ಬಂದರು. ಕೊಟ್ಟ ಜ್ಞಾನಸ್ನಾನವನ್ನು ಮತ್ತೆ ಕೊಡಲಿಕ್ಕಾಗುವುದಿಲ್ಲ, ಆದರೆ ಚರ್ಚಿನ ಪುಸ್ತಕದಲ್ಲಿ ಬರೆಯುವ ಮೊದಲು ತಾಯಿತಂದೆ ಬಯಸಿದರೆ ಹೆಣ್ಣಿನ ಹೆಸರೊಂದನ್ನು ಸೇರಿಸಬಹುದು, ಕರೆಯಲಿಕ್ಕೆ ಅದೇ ಸಾಕು ಎಂದರು. ಮಗ ನನ್ನ ಹೆಸರು ಹೇಳಿದ. ಬೀಗಿತ್ತಿ ಮಾತೆ ಮರಿಯಳದ್ದು ಇರಲಿ ಎಂದರು. 

“ಬೇಡ, ಮಾಂಯ್” ಎಂದಳು ಸೊಸೆ. ಅತ್ತೆಯಾದ ನನ್ನನ್ನು ಅಷ್ಟು ದಿನಗಳ ಮೇಲೆ ಹಾಗೆ ಕರೆದಳು. “ಮೊದಲು ನನಗೆ ಸಿಟ್ಟು ಬಂದದ್ದು ಹೌದು. ಮಗು ಎದೆಯ ಮೇಲೆ ಇರುವಾಗ ಉಸಿರು ನಿಂತ ಹಾಗಾಗುತ್ತಿತ್ತು. ಆಗೆಲ್ಲ ಇದೇ ಹೆಸರು ಹಿಡಿದು ಕರೆದದ್ದು ನಾನು. ಈಗ ಬೇರೆ ಹೆಸರು ಕರೆದರೆ ನನಗೆ ಅದು ಬೇರೆ ಯಾರದೋ ಮಗು.”

ಫಾದರ್ ಅದನ್ನೇ ಬರೆದುಕೊಂಡರು. ನಾನು ಅಡುಗೆಮನೆಗೆ ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಸೊಸೆಗೆ ಖಾರವಿಲ್ಲದ ಕಾಣೆ ಮೀನಿನ ಸಾರು. ಅರ್ಧ ಊಟದಲ್ಲಿ ತೊಟ್ಟಿಲಿನಿಂದ ಅಳು ಕೇಳಿತು. ಬೀಗಿತ್ತಿ ಎಂಜಲು ಕೈಯಲ್ಲೇ ಎದ್ದು, ನನ್ನ ಗಂಡನ ಹೆಸರನ್ನು ಗಟ್ಟಿಯಾಗಿ ಕರೆದು, “ಬಂದೆ ಮಾರಾಯ್ತಿ, ಬಂದೆ” ಎಂದರು. ಮತ್ತೆ ಮಗುವನ್ನು ಎಡಗೈಯಲ್ಲಿ ತೊಡೆಯ ಮೇಲಿಟ್ಟುಕೊಂಡೇ ಊಟಕ್ಕೆ ಕೂತು, ಇನ್ನೊಂದು ಬಂಗುಡೆ ಹಾಕಿ ಎಂದು ತಟ್ಟೆ ನನ್ನ ಕಡೆ ತಳ್ಳಿದರು.