ಮಡಿಲು ತುಂಬದ ಹೊಳೆ

ಹಳ್ಳಿಮೈಸೂರಿನಿಂದಾಚೆ ಮರಳೊಳೆಯ ದಡದಲ್ಲಿ ಅಂಬಿಗರದ್ದೊಂದು ಸಣ್ಣ ಕೇರಿ. ಮುಂಗಾರಿನ ಕೆಂಪು ನೀರು ಬಂದಾಗ ಅಂಬಿಗನ ಹೆಂಡತಿ ಸೀರೆ, ಕುಪ್ಪಸದ ಕಣ, ಅಕ್ಕಿ ಇಟ್ಟು ಹೊಳೆಗೆ ಮಡಿಲು ತುಂಬಬೇಕು. ಅಲ್ಲಿಯವರೆಗೆ ಹರಿಗೋಲು ನೀರಿಗಿಳಿಯುವಂತಿಲ್ಲ. ಕೇರಿಯ ಹರಿಗೋಲು ನಡೆಸುವ ಅಂಬಿಗ ಮಂಚಯ್ಯನ ಕೈಹಿಡಿದು ಬಂದ ವರ್ಷದಿಂದ ನೀಲಗಂಗಮ್ಮ ಈ ಕಟ್ಟಳೆಯನ್ನು ಒಮ್ಮೆಯೂ ಮೀರಿರಲಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಶುಕ್ರವಾರ ಮಡಿಲು ತುಂಬುವುದೆಂದು ಕೇರಿಯ ಯಜಮಾನ ಚೆನ್ನಯ್ಯ ಗೊತ್ತು ಮಾಡಿದ್ದ. ಅದಕ್ಕೆ ಮುಂಚೆಯೇ, ಚೊಚ್ಚಲ ಬಾಣಂತನಕ್ಕೆ ಗಂಡನ ಊರು ಕಟ್ಟಾಯದಿಂದ ಬಂದಿದ್ದ ಮಗಳು ಚಿಕ್ಕಲಕ್ಷ್ಮಮ್ಮನಿಗೆ ಒಂದು ರಾತ್ರಿ ನೋವು ಕಾಣಿಸಿಕೊಂಡಿತು. ಬೆಳಗಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ರೇವಮ್ಮ ಹೊರಗೆ ಬಂದು, ಮಗು ಅಡ್ಡ ತಿರುಗಿದೆ, ಹೊಳೆನರಸೀಪುರದ ಆಸ್ಪತ್ರೆಗೆ ಸೇರಿಸದಿದ್ದರೆ ತಾಯಿಯೂ ಉಳಿಯಲ್ಲ ಎಂದು ಮೆಲ್ಲಗೆ ಹೇಳಿದಳು. ಆಸ್ಪತ್ರೆಗೆ ಹೊಳೆ ದಾಟಿಯೇ ಹೋಗಬೇಕು.

ಮಂಚಯ್ಯ ಹೊಸ್ತಿಲಲ್ಲಿ ತಲೆ ಹಿಡಿದು ಕೂತ. "ಒಳೆವ್ವಂಗೆ ಇನ್ನೂ ಮಡ್ಲು ತುಂಬಿಲ್ಲ ಕಣಮ್ಮಿ. ಎಂಗೆ ಇಳಿಸ್ಲಿ?"

"ವಳಗೆ ನಿನ್ ಮಗ್ಳ ಮಡ್ಲು ಬರಿದಾಯ್ತಾ ಅದೆ," ಅಂದಳು ನೀಲಗಂಗಮ್ಮ. "ನೀನು ಬತ್ತೀಯೋ, ನಾನೇ ಉಟ್ಟು ಆಕ್ಲೋ?"

ಅವನು ಎದ್ದು ಹೋಗಿ ಹರಿಗೋಲನ್ನು ನೀರಿಗಿಳಿಸಿದ. ಮಗಳನ್ನು ಕಂಬಳಿಯಲ್ಲಿ ಸುತ್ತಿ ಅದರಲ್ಲಿ ಮಲಗಿಸಿದರು. ನಡುನೀರಿನಲ್ಲಿ ಬುಡಸಮೇತ ಕಿತ್ತುಬಂದ ಮರವೊಂದು ಹರಿಗೋಲಿಗೆ ತಗುಲಿಕೊಂಡು, ಅದನ್ನು ಒಂದು ಪಕ್ಕಕ್ಕೆ ವಾಲಿಸಿತು. ಮಂಚಯ್ಯ ಹುಟ್ಟನ್ನು ಹೆಂಡತಿಯ ಕೈಗೆ ಕೊಟ್ಟು ನೀರಿಗೆ ಧುಮುಕಿ, ಹೆಗಲು ಕೊಟ್ಟು ಮರವನ್ನು ಆಚೆಗೆ ನೂಕಿದ. ಮರ ಬಿಡಿಸಿಕೊಂಡಿತು. ಅದರ ಕೊಂಬೆಗೆ ಸಿಕ್ಕಿದ ಅವನು ಅದರ ಜೊತೆಯಲ್ಲೇ ಹೋದ. ತಿರುಗಿ ಅವನನ್ನು ಹುಡುಕಿದರೆ ಮಗಳು ಹೋಗುತ್ತಾಳೆ. ನೀಲಗಂಗಮ್ಮ ಹಲ್ಲು ಕಚ್ಚಿ ದಡದ ಕಡೆಗೇ ಹುಟ್ಟು ಹಾಕಿದಳು.

ಚಿಕ್ಕಲಕ್ಷ್ಮಮ್ಮ ಬದುಕಿದಳು. ಮಗು ಉಳಿಯಲಿಲ್ಲ.

ಮಂಚಯ್ಯನ ಹೆಣ ಸಿಗಲಿಲ್ಲ. ಹೊಳೆಪಾಲಾದವನ ಹೆಣ ಕಣ್ಣಾರೆ ಕಾಣುವ ತನಕ ಆ ಕೇರಿಯಲ್ಲಿ ತಿಥಿಯಿಲ್ಲ, ಹೆಂಡತಿಯ ಕುಂಕುಮ ಅಳಿಸುವಂತಿಲ್ಲ. ನೀಲಗಂಗಮ್ಮ ಮಳೆಗಾಲವೆಲ್ಲ ದಡದುದ್ದಕ್ಕೂ ಅಲೆದಳು. ಹದ್ದು ಸುತ್ತಿದ ಕಡೆಗೆಲ್ಲ ಓಡಿದಳು. ಕೇರಿಯವರು ಎದುರಿಗೆ ಏನೂ ಅನ್ನಲಿಲ್ಲ. ಅವಳು ನೀರಿಗೆ ಬಂದರೆ ಕೊಡ ಎತ್ತಿಕೊಂಡು ಸರಿದುಹೋಗುತ್ತಿದ್ದರು. ಮುತ್ತೈದೆಯರು ಅವಳನ್ನು ಅರಿಶಿನಕ್ಕೆ ಕರೆಯಲಿಲ್ಲ, ವಿಧವೆಯರು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ.

ಮರುವರ್ಷ ಹೊಸನೀರು ಬಂದಾಗ ಚೆನ್ನಯ್ಯ ಮಡಿಲು ತುಂಬುವ ಮೊರ ಹೊತ್ತು ಅವಳ ಬಾಗಿಲಿಗೇ ಬಂದ. ಕಟ್ಟಳೆಯ ಪ್ರಕಾರ ಅಂಬಿಗನ ಹೆಂಡತಿ ಈಗಲೂ ಅವಳೇ.

"ನಾನ್ಯಾರೂ ಅಲ್ಲ ಕಣಣ್ಣ," ಅಂದಳು ನೀಲಗಂಗಮ್ಮ. ಅವನ ಎದುರಿಗೇ ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡು ಬಾಗಿಲು ಎಳೆದುಕೊಂಡಳು.

ಆ ವಾರವೇ ಕಟ್ಟಾಯಕ್ಕೆ ಮಗಳ ಮನೆಗೆ ಹೋದಳು. ಅಲ್ಲಿ ಕಂಡವರ ಗದ್ದೆಯಲ್ಲಿ ನಾಟಿ, ಕಳೆ ಅಂತ ಬೆನ್ನು ಬಗ್ಗಿಸಿ ದುಡಿದಳು. ಆ ದಿನದ ಮಾತನ್ನು ತಾಯಿ ಮಗಳಿಬ್ಬರೂ ಎತ್ತುತ್ತಿರಲಿಲ್ಲ. ಒಮ್ಮೆ ಚಿಕ್ಕಲಕ್ಷ್ಮಮ್ಮ ರಾಗಿ ಬೀಸುತ್ತಾ, "ನನ್ನಿಂದ್ಲೇ ಅಪ್ಪ..." ಅಂದಾಗ ನೀಲಗಂಗಮ್ಮ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಆ ಕೈಯನ್ನು ತೆಗೆಯಲೇ ಇಲ್ಲ.